ಹಳೆ ಡೀಸೆಲ್ ಕಾರಿಗೆ ದೊಡ್ಡ ಬಿಲ್ ಬಂದಿದೆ, ಮಾಡಿಸಲಾ ಮಾರಲಾ?

ಬಿಸಿಯಾದ ಮೇಲೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಇಂಜೆಕ್ಟರ್ (ಇಂಜಿನ್ನಿಗೆ ಡೀಸೆಲ್ ಚಿಮುಕಿಸುವ ಭಾಗ) ಹೋಗಿದೆ ಎಂದು ಗ್ಯಾರೇಜಿನವರು ಹೇಳಿದ್ದಾರೆ, ರಿಪೇರಿ ಬಿಲ್ ಕಾರಿನ ಅರ್ಧ ಬೆಲೆಯಷ್ಟಿದೆ. ಇದ್ದಕ್ಕಿದ್ದಂತೆ ಬಂದ ಖರ್ಚು, ಮಾಡಿಸಲಾ ಮಾರಲಾ ಎಂದು ಇಲ್ಲಿ ಕೇಳಿದ್ದೀರಿ. ಇದೇ ಅಲ್ವಾ ನಿಮ್ಮ ಕಷ್ಟ? ಕಾರೊಂದು ಬೇರೆ, ಉಳಿದಿದ್ದೆಲ್ಲ ನನ್ನದೇ ಕಥೆ.

ನನ್ನದೂ ಹತ್ತು ವರ್ಷ ದಾಟಿದ ಕಾಮನ್ ರೈಲ್ ಡೀಸೆಲ್, ಅಂದರೆ ಎಲ್ಲಾ ಇಂಜೆಕ್ಟರಿಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದಲ್ಲಿ ಡೀಸೆಲ್ ಹೋಗುವ ಕಾರು. ಆ ಕೊಳವೆಯೇ ರೈಲ್. ತಣ್ಣಗಿದ್ದಾಗ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ದೂರ ಓಡಿಸಿ, ಸ್ವಲ್ಪ ಹೊತ್ತು ನಿಲ್ಲಿಸಿ ಮತ್ತೆ ಕೀ ತಿರುಗಿಸಿದರೆ ಸೆಲ್ಫ್ ಸುಮ್ನೆ ತಿರುಗುತ್ತಲೇ ಇರುತ್ತಿತ್ತು, ಇಂಜಿನ್ ಹಿಡಿಯುತ್ತಿರಲಿಲ್ಲ. ಹೊಸ ಬ್ಯಾಟರಿ ಹಾಕಿಸಿದೆ. ಏನೂ ಬದಲಾಗಲಿಲ್ಲ. ಆಮೇಲೊಮ್ಮೆ ಏರು ಹತ್ತುವಾಗ ಪಿಕಪ್ ಪೂರ್ತಿ ಬಿದ್ದುಹೋಯಿತು, ಇಂಜಿನ್ ಲೈಟ್ ಹತ್ತಿಕೊಂಡಿತು. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರು. ಪಿ0087 ಎಂಬ ಕೋಡ್ ಬಂತು. "ಇಂಜೆಕ್ಟರ್ ಹೋಗಿದೆ ಸರ್, ಒಂದು ಹೊಸದು ಹಾಕೋಣ" ಎಂದರು. ನಾನು ಫೋನಿನಲ್ಲೇ "ಹಾಕಿಬಿಡಿ" ಎಂದೆ.

ಆ ಒಂದು ಮಾತೇ ನನ್ನ ಜೇಬು ಖಾಲಿ ಮಾಡಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಪಿ0087 ಎಂದರೆ ರೈಲಿನಲ್ಲಿ ಡೀಸೆಲ್ ಒತ್ತಡ ಸಾಲುತ್ತಿಲ್ಲ ಎಂದಷ್ಟೇ ಅರ್ಥ. ಯಾಕೆ ಸಾಲುತ್ತಿಲ್ಲ ಎಂದು ಅದು ಹೇಳುವುದಿಲ್ಲ. ಫಿಲ್ಟರ್ ಕಟ್ಟಿಕೊಂಡಿರಬಹುದು. ಪೈಪಿನಲ್ಲಿ ಗಾಳಿ ಸೇರಿರಬಹುದು. ಪಂಪ್ ಸವೆದಿರಬಹುದು. ಇಂಜೆಕ್ಟರ್ ಒಳಗಿಂದ ಸೋರುತ್ತಿರಬಹುದು. ಒತ್ತಡ ಅಳೆಯುವ ಸೆನ್ಸರ್ರೇ ಸುಳ್ಳು ಹೇಳುತ್ತಿರಬಹುದು. ಇಷ್ಟರಲ್ಲಿ ಯಾವುದು ಎಂದು ನಾನು ಕೇಳಲೇ ಇಲ್ಲ. ಸ್ಕ್ಯಾನರ್ ಪರದೆ ಮೇಲೆ ಬಂದಿದ್ದನ್ನು ತೀರ್ಪು ಎಂದುಕೊಂಡೆ, ಅದು ಬರೀ ದೂರು.

ಈ ಇಂಜಿನ್‌ಗಳಲ್ಲಿ ಹೈ ಪ್ರೆಷರ್ ಪಂಪ್ ಡೀಸೆಲನ್ನು 1600ರಿಂದ 2000 ಬಾರ್ ಒತ್ತಡಕ್ಕೆ ಒತ್ತಿ ರೈಲಿಗೆ ಕಳಿಸುತ್ತದೆ. ಕೆಲವು ಇಂಜಿನ್‌ಗಳಲ್ಲಿ ಇನ್ನೂ ಜಾಸ್ತಿ. ನಿಮ್ಮ ಟಯರಿನಲ್ಲಿರುವುದು 2 ಬಾರ್ ಚಿಲ್ಲರೆ, ಅಂದಾಜು ಮಾಡಿಕೊಳ್ಳಿ. ಆ ಪಂಪಿನ ಒಳಗಿನ ಭಾಗಗಳಿಗೆ ಬೇರೆ ಆಯಿಲ್ ಇರುವುದು ಅಪರೂಪ, ಡೀಸೆಲ್ಲೇ ಅದಕ್ಕೆ ಆಯಿಲ್. ಡೀಸೆಲ್ಲಿನಲ್ಲಿ ನೀರು ಸೇರಿದರೆ, ಇಲ್ಲವೇ ಟ್ಯಾಂಕ್ ಪದೇಪದೇ ಬರಿದಾಗಿ ಗಾಳಿ ಎಳೆದುಕೊಂಡರೆ ಲೋಹಕ್ಕೆ ಲೋಹ ತಿಕ್ಕುತ್ತದೆ. ಸಣ್ಣ ಪುಡಿ ಏಳುತ್ತದೆ. ಫಿಲ್ಟರ್ ಇರುವುದು ಪಂಪಿಗಿಂತ ಮುಂಚೆ. ಹಾಗಾಗಿ ಪಂಪಿನಿಂದ ಎದ್ದ ಪುಡಿಯನ್ನು ತಡೆಯುವವರು ಯಾರೂ ಇಲ್ಲ, ಅದು ನೇರ ಇಂಜೆಕ್ಟರಿಗೇ ಹೋಗುತ್ತದೆ. ಮಿಕ್ಕಿದ್ದು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್.

ನನ್ನ ಕಾರಿನಲ್ಲಿ ಆಗಿದ್ದು ಇದೇ. ಹಳೆಯ ಇಂಜೆಕ್ಟರ್ ಸೋರುತ್ತಿದ್ದದ್ದು ನಿಜ. ಆದರೆ ಅದನ್ನು ಕೊಂದದ್ದು ಪಂಪ್. ಹೊಸದನ್ನು ತಂದು ಅದೇ ಕೊಲೆಗಾರನ ಕೈಗೆ ಕೊಟ್ಟೆವು. ಸ್ವಲ್ಪ ದಿನ ಚೆನ್ನಾಗಿ ಓಡಿತು, ನಾನು ಖುಷಿಯಲ್ಲಿದ್ದೆ. ಮತ್ತೆ ಅದೇ ಬಿಸಿ ಸ್ಟಾರ್ಟ್ ತೊಂದರೆ, ಮತ್ತೆ ಅದೇ ಕೋಡ್. ಈ ಸಲ ಡೀಸೆಲ್ ಇಂಜಿನ್ ಪಂಪ್ ರಿಪೇರಿ ಕೆಲಸವನ್ನೇ ಮಾಡುವ ಒಬ್ಬ ಹಿರಿಯರ ಹತ್ತಿರ ಹೋದೆ. ಅವರು ಸ್ಕ್ಯಾನರ್ ಮುಟ್ಟಲೇ ಇಲ್ಲ. ಪಂಪಿನ ಮೇಲಿನ, ಡೀಸೆಲ್ ಅಳತೆ ಹಿಡಿಯುವ ಕಂಟ್ರೋಲ್ ವಾಲ್ವ್ ಬಿಚ್ಚಿ, ಅದರ ಜಾಲರಿಯನ್ನು ಬಿಳಿ ಬಟ್ಟೆಗೆ ಒರೆಸಿ ಬೆಳಕಿಗೆ ಹಿಡಿದರು. ಪಂಪಿನ ಲೋಹದ ಪುಡಿಯಿಂದ ಬಟ್ಟೆ ಮಿಣಮಿಣ ಹೊಳೆಯಿತು. ಆಮೇಲೆ ಪಂಪ್, ರೈಲ್, ಎಲ್ಲಾ ಇಂಜೆಕ್ಟರ್, ಪೈಪ್ ಬದಲಾಯಿಸಿ ಟ್ಯಾಂಕ್ ಇಳಿಸಿ ತೊಳೆಯಬೇಕಾಯಿತು. ಮೊದಲ ದಿನವೇ ಆ ವಾಲ್ವ್ ಬಿಚ್ಚಿಸಿದ್ದರೆ ಒಂದು ಇಂಜೆಕ್ಟರ್ ದುಡ್ಡು, ಅದನ್ನು ಹಾಕಿದ ಕೂಲಿ, ಒಂದು ಬ್ಯಾಟರಿ ಉಳಿಯುತ್ತಿತ್ತು. ಬ್ಯಾಟರಿ ವಿಷಯ ಮನೆಯಲ್ಲಿ ಇನ್ನೂ ಎತ್ತುತ್ತಾರೆ.

ಆದ್ದರಿಂದ ಮಾಡಿಸಲಾ ಮಾರಲಾ ಎಂಬ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಏನು ಹಾಳಾಗಿದೆ ಎಂದೇ ಗೊತ್ತಿಲ್ಲ, ಆಗಲೇ ತೀರ್ಮಾನಕ್ಕೆ ಹೊರಟಿದ್ದೀರಿ. ಮೊದಲು ಬ್ಯಾಕ್ ಲೀಕ್ ಟೆಸ್ಟ್ ಮಾಡಿಸಿ. ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪಿಗೂ ಒಂದೊಂದು ಬಾಟಲಿ ಕಟ್ಟಿ ಇಂಜಿನ್ ಓಡಿಸುತ್ತಾರೆ. ಒಂದು ಬಾಟಲಿ ಉಳಿದವುಗಳಿಗಿಂತ ಬೇಗ ತುಂಬಿದರೆ ಸೋರುತ್ತಿರುವುದು ಆ ಇಂಜೆಕ್ಟರ್. ಎಲ್ಲಾ ಬಾಟಲಿ ಸಮವಾಗಿ, ಮಿತಿಯೊಳಗೆ ಇದ್ದೂ ಒತ್ತಡ ಏರದಿದ್ದರೆ ಇಂಜೆಕ್ಟರ್ ಬಿಟ್ಟು ಪಂಪ್, ಫಿಲ್ಟರ್, ವಾಲ್ವ್ ಕಡೆ ನೋಡಬೇಕು. ರಿಪೇರಿಯ ಖರ್ಚಿನ ಮುಂದೆ ಈ ಟೆಸ್ಟಿನ ಖರ್ಚು ಏನೇನೂ ಅಲ್ಲ. ಬೇಡ ಎನ್ನುವ ಗ್ಯಾರೇಜಿನಿಂದ ಕಾರು ಎತ್ತಿಕೊಂಡು ಬನ್ನಿ. ಹಾಂ, ಹೊಸ ಇಂಜೆಕ್ಟರ್ ಹಾಕಿದರೆ ಹೆಚ್ಚಿನ ಕಾರುಗಳಲ್ಲಿ ಅದರ ಮೇಲೆ ಅಚ್ಚಾಗಿರುವ ಕೋಡನ್ನು ಕಾರಿನ ಕಂಪ್ಯೂಟರಿಗೆ ಬರೆಯಬೇಕು. ಬರೆದರಾ ಎಂದು ಬಾಯಿಬಿಟ್ಟು ಕೇಳಿ.

"ಇದ್ದಕ್ಕಿದ್ದಂತೆ ಬಂದ ಖರ್ಚು" ಎಂದು ಬರೆದಿದ್ದೀರಿ. ಅದನ್ನೂ ನಾನು ಒಪ್ಪುವುದಿಲ್ಲ. ಬಿಸಿಯಲ್ಲಿ ಡೀಸೆಲ್ ತೆಳುವಾಗುತ್ತದೆ, ಸೋರಿಕೆ ಜಾಸ್ತಿಯಾಗುತ್ತದೆ, ಅದಕ್ಕೇ ಬಿಸಿ ಸ್ಟಾರ್ಟ್ ಕಷ್ಟ. ಕಾರು ಆವಾಗಿನಿಂದಲೇ ಹೇಳುತ್ತಿತ್ತು.

ಬಿಲ್ ಕಾರಿನ ಬೆಲೆ ದಾಟಿದರೆ ಮಾರಿಬಿಡಿ ಎಂದು ಎಲ್ಲರೂ ಹೇಳುತ್ತಾರೆ. ಆ ಲೆಕ್ಕ ನನಗೆ ಹಿಡಿಸುವುದಿಲ್ಲ. ಅದರ ಬದಲು ತರುವ ಇನ್ನೊಂದು ಹಳೆ ಕಾರಿನ ಪಂಪ್ ಹೇಗಿದೆ ಎಂದು ನಿಮಗೇನು ಗೊತ್ತು? ನನ್ನ ಕಾರಿನ ಬಾಡಿ ತುಕ್ಕು ಹಿಡಿದಿರಲಿಲ್ಲ, ಗೇರ್‌ಬಾಕ್ಸ್ ಗಟ್ಟಿ ಇತ್ತು. ಮಾಡಿಸಿದೆ, ಇನ್ನೂ ಓಡಿಸುತ್ತಿದ್ದೇನೆ. ಆದರೆ ನಿಮ್ಮ ಓಡಾಟ ದಿನಾ ನಾಲ್ಕೈದು ಕಿಲೋಮೀಟರ್ ಮಾತ್ರ, ಕಾರಿಗೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಬೇರೆ ಇದೆ ಎಂದಾದರೆ ಮಾರಿ. ಒಳಗಿನ ಮಸಿ ಸುಡಲು ಡಿಪಿಎಫ್ 600 ಡಿಗ್ರಿ ಹತ್ತಿರ ಕಾಯಬೇಕು, ಅಷ್ಟು ಚಿಕ್ಕ ಓಡಾಟದಲ್ಲಿ ಅದು ಕಾಯುವುದೇ ಇಲ್ಲ. ಇಂಜೆಕ್ಟರ್ ಸರಿಹೋದರೂ ಮುಂದಿನ ಬಿಲ್ ಅಲ್ಲಿಂದಲೇ ಬರುತ್ತದೆ.

ಟೆಸ್ಟ್ ಮಾಡುವಾಗ ನೀವೂ ಪಕ್ಕದಲ್ಲೇ ನಿಂತಿರಿ. ಬಾಟಲಿಗಳ ಫೋಟೋ, ವಾಲ್ವ್ ಒರೆಸಿದ ಬಟ್ಟೆಯ ಫೋಟೋ ಎರಡನ್ನೂ ಇಲ್ಲಿ ಹಾಕಿ, ಮಾರುವ ಮಾತು ಆಮೇಲೆ ಆಡೋಣ.