ದುಬೈ ಹೋಟೆಲ್: ಸ್ಟಾರ್ ಆಮೇಲೆ, ಮೊದಲು ತಲೆ ಎಣಿಸಿ

ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ತರದವು. ಎರಡು ಹೋಟೆಲ್‌ಗಳ ಫೋಟೊ, ಕೆಳಗೆ ಒಂದು ಸಾಲು: ‘ಸರ್, ದುಬೈಗೆ ಹೋಗ್ತಿದ್ದೀವಿ. ಇವೆರಡರಲ್ಲಿ ಯಾವುದು ಬೆಸ್ಟ್?’ ಎಷ್ಟು ಜನ, ಯಾವ ತಿಂಗಳು, ಮಕ್ಕಳ ವಯಸ್ಸೆಷ್ಟು, ಜೊತೆಗೆ ವಯಸ್ಸಾದವರು ಇದ್ದಾರಾ, ಒಂದೂ ಬರೆದಿರುವುದಿಲ್ಲ. ಈಜುಕೊಳದ ಫೋಟೊ ಮಾತ್ರ ತಪ್ಪದೆ ಇರುತ್ತದೆ.

ದುಬೈನ ಹೋಟೆಲೊಂದರ ರಿಸೆಪ್ಷನ್ ಕೌಂಟರ್‌ನಲ್ಲಿ ನಿಂತು ದುಡಿದವನು ನಾನು. ಕೌಂಟರ್ ಮುಂದೆ ಆಗುವ ಜಗಳಗಳಲ್ಲಿ ಹೆಚ್ಚಿನವು ನಿಮ್ಮ ಮನೆಯ ಸೋಫಾ ಮೇಲೆ ಕೂತು ಬುಕಿಂಗ್ ಮಾಡುವಾಗಲೇ ಹುಟ್ಟಿರುತ್ತವೆ. ಈ ಸಲ ಒಬ್ಬರು ಪೂರ್ತಿ ವಿವರ ಕೊಟ್ಟು ಕೇಳಿದ್ದಾರೆ. ಅವರಿಗೇ ಜಾಸ್ತಿ ಜಾಗ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಾವು ಆರು ಜನ. ನಾನು, ಹೆಂಡತಿ, 13 ವರ್ಷದ ಮಗಳು, 6 ವರ್ಷದ ಮಗ, ನನ್ನ ಅಪ್ಪ-ಅಮ್ಮ. ಅಮ್ಮನಿಗೆ ಮಂಡಿನೋವು. ಅಪ್ಪ-ಅಮ್ಮ ಶುದ್ಧ ಸಸ್ಯಾಹಾರಿಗಳು. ಡಿಸೆಂಬರ್ ಕೊನೆಯಲ್ಲಿ ಐದು ರಾತ್ರಿ. ಮೂರು ಹೋಟೆಲ್ ನೋಡಿದ್ದೇವೆ: ಜೆಬಿಆರ್ (ಜುಮೇರಾ ಬೀಚ್ ರೆಸಿಡೆನ್ಸ್) ಬೀಚ್ ಪಕ್ಕ ಫೈವ್ ಸ್ಟಾರ್, ಅಲ್ ಬರ್ಶಾದಲ್ಲಿ ಫೋರ್ ಸ್ಟಾರ್ (ಅದರ ಪುಟದಲ್ಲಿ ‘ಮೆಟ್ರೊ 400 ಮೀಟರ್’ ಅಂತಿದೆ), ಬರ್ ದುಬೈನಲ್ಲಿ ಎರಡು ಬೆಡ್‌ರೂಮಿನ ಹೋಟೆಲ್ ಅಪಾರ್ಟ್‌ಮೆಂಟ್. ಮಕ್ಕಳು ಬೀಚ್ ಹೋಟೆಲೇ ಬೇಕು ಅಂತಾರೆ. ಯಾವುದು ತಗೊಳ್ಳಲಿ? (ದಾವಣಗೆರೆಯ ಓದುಗರು)

ಬರ್ ದುಬೈ ಅಪಾರ್ಟ್‌ಮೆಂಟ್ ತಗೊಳ್ಳಿ. ಮಕ್ಕಳ ಮುಖ ಸಪ್ಪೆಯಾದರೆ ಆಗಲಿ. ಯಾಕೆ ಅಂತ ಹೇಳುತ್ತೇನೆ.

ಮೊದಲು ತಲೆ ಲೆಕ್ಕ. ನಿಮ್ಮ ಪ್ರಕಾರ ನೀವು ನಾಲ್ಕು ದೊಡ್ಡವರು, ಇಬ್ಬರು ಮಕ್ಕಳು. ಹೋಟೆಲ್ ಪ್ರಕಾರ ಐದು ದೊಡ್ಡವರು, ಒಂದು ಮಗು. ಬಹುತೇಕ ಹೋಟೆಲ್‌ಗಳಲ್ಲಿ ಮಕ್ಕಳ ದರ 11 ವರ್ಷಕ್ಕೋ 12ಕ್ಕೋ ಮುಗಿಯುತ್ತದೆ. ಹದಿಮೂರರ ಮಗಳಿಗೆ ದೊಡ್ಡವರ ದರ, ಎಕ್ಸ್‌ಟ್ರಾ ಬೆಡ್ಡು, ತಿಂಡಿಗೆ ಬೇರೆ ದುಡ್ಡು. ‘ಬುಕಿಂಗ್‌ನಲ್ಲಿ 11 ಅಂತ ಹಾಕಿದರಾಯ್ತು’ ಎನ್ನುವ ಸಲಹೆ ಯಾವನೋ ಕೊಟ್ಟೇ ಕೊಟ್ಟಿರುತ್ತಾನೆ. ಬಸ್ಸಿನಲ್ಲಿ ಅರ್ಧ ಟಿಕೆಟ್‌ಗೆ ಮಗನ ವಯಸ್ಸು ಇಳಿಸಿದ ಹಾಗಲ್ಲ ಇದು. ಚೆಕ್-ಇನ್‌ನಲ್ಲಿ ಪ್ರತಿಯೊಬ್ಬರ ಪಾಸ್‌ಪೋರ್ಟ್ ತೆಗೆದುಕೊಂಡು ಸ್ಕ್ಯಾನ್ ಮಾಡುತ್ತಾರೆ, ಹುಟ್ಟಿದ ದಿನ ಅಲ್ಲೇ ಅಚ್ಚಾಗಿರುತ್ತದೆ. ಆಮೇಲೆ ಆ ದಿನದ ದರದಲ್ಲಿ ಇನ್ನೊಂದು ರೂಮು. ಡಿಸೆಂಬರ್ ಕೊನೆಯಲ್ಲಿ ಆ ದರ ಕೇಳಿದರೆ ಅಪ್ಪನವರಿಗೆ ಬಿಪಿ ಏರುತ್ತದೆ.

ಹಾಗಾಗಿ ಬೀಚ್ ಹೋಟೆಲ್ ಆಗಲಿ ಅಲ್ ಬರ್ಶಾ ಆಗಲಿ, ನಿಮಗೆ ಎರಡು ರೂಮು ಬೇಕೇ ಬೇಕು. ‘ಕನೆಕ್ಟಿಂಗ್ ರೂಮ್ (ನಡುವೆ ಬಾಗಿಲಿರುವ ಅಕ್ಕಪಕ್ಕದ ರೂಮು) ಕೇಳಿದ್ದೇವೆ’ ಎನ್ನುತ್ತೀರಿ. ಕೇಳುವುದು ಬೇರೆ, ಸಿಗುವುದು ಬೇರೆ. ‘ಸ್ಪೆಷಲ್ ರಿಕ್ವೆಸ್ಟ್’ ಎಂಬ ಡಬ್ಬಿಯಲ್ಲಿ ನೀವು ಟೈಪ್ ಮಾಡಿದ್ದಕ್ಕೆ ಯಾರೂ ಹೊಣೆಯಲ್ಲ. ಹೋಟೆಲ್‌ನಿಂದ ‘ಖಚಿತ’ ಎಂದು ಇಮೇಲ್ ಬಂದರೆ ಮಾತ್ರ ನಂಬಿ. ಇಲ್ಲದಿದ್ದರೆ ನೀವು ಎಂಟನೇ ಮಹಡಿ, ಅಪ್ಪ-ಅಮ್ಮ ಮೂರನೇ ಮಹಡಿ. ರಾತ್ರಿ ಅಮ್ಮನಿಗೆ ಎಸಿ ಕಡಿಮೆ ಮಾಡೋದು ಹೇಗೆ ಅಂತ ಗೊತ್ತಾಗದೆ ಫೋನ್ ಮಾಡುತ್ತಾರೆ, ನೀವು ಲಿಫ್ಟ್ ಹಿಡಿಯುತ್ತೀರಿ. ಅಪಾರ್ಟ್‌ಮೆಂಟ್‌ನಲ್ಲಿ ಒಂದೇ ಬಾಗಿಲು. ಎರಡು ಬಾತ್‌ರೂಮ್, ಒಂದು ಹಾಲ್, ಸಣ್ಣದೊಂದು ಅಡುಗೆಮನೆ. ಬಹಳ ಕಡೆ ಬಟ್ಟೆ ಒಗೆಯುವ ಮಷೀನೂ ಇರುತ್ತದೆ. ಬುಕ್ ಮಾಡುವ ಮುಂಚೆ ‘ಎರಡು ಬೆಡ್‌ರೂಮ್’ ಎಂದರೆ ಬಾಗಿಲಿರುವ ಎರಡು ಕೋಣೆಯಾ, ಇಲ್ಲ ಹಾಲ್‌ನ ಸೋಫಾ ಬೆಡ್ ಸೇರಿಸಿ ಲೆಕ್ಕವಾ, ಅದೊಂದು ಕೇಳಿಬಿಡಿ.

ಎರಡನೆಯದು ನಡಿಗೆ. ಅಲ್ ಬರ್ಶಾ ಹೋಟೆಲ್‌ನ ಪುಟದಲ್ಲಿ ‘ಮೆಟ್ರೊ 400 ಮೀಟರ್’ ಅಂತ ಇದೆ ಎಂದಿದ್ದೀರಿ. ಅದು ಸಾಮಾನ್ಯವಾಗಿ ಹಕ್ಕಿ ಹಾರುವ ದೂರ. ನಿಮ್ಮ ತಾಯಿಯವರು ಹಾರುವುದಿಲ್ಲ. ದುಬೈ ಕಾರಿಗಾಗಿ ಕಟ್ಟಿದ ಊರು. ಶೇಖ್ ಜಾಯೆದ್ ರಸ್ತೆಯಲ್ಲಿ ಎರಡೂ ಕಡೆ ಸೇರಿ ಹತ್ತು-ಹನ್ನೆರಡು ಲೇನ್. ಎದುರಿಗೆ ಕಾಣುವ ಅಂಗಡಿಗೆ ಹೋಗಬೇಕಾದರೂ ಮೆಟ್ರೊ ಸ್ಟೇಷನ್ನಿನ ಮೇಲ್ಸೇತುವೆವರೆಗೆ ನಡೆದು, ದಾಟಿ, ಮತ್ತೆ ವಾಪಸ್ ನಡೆಯಬೇಕು. ನಮ್ಮೂರಿನ ಹಾಗೆ ಕೈ ತೋರಿಸಿ ನುಗ್ಗಿದರೆ 400 ದಿರ್ಹಂ ದಂಡ. ವೇಗದ ರಸ್ತೆಗಳಲ್ಲಿ ದಾಟುವುದಕ್ಕೆ 2025ರಿಂದ ಶಿಕ್ಷೆ ಇನ್ನೂ ಬಿಗಿಯಾಗಿದೆ. ಆದ್ದರಿಂದ ಹೋಟೆಲ್‌ನವರು ಬರೆದ ಮೀಟರ್ ಬಿಡಿ. ಮ್ಯಾಪ್ ತೆಗೆಯಿರಿ, ನಡೆದು ಹೋಗುವ ದಾರಿ ಆರಿಸಿ, ಹೋಟೆಲ್ ಬಾಗಿಲಿನಿಂದ ಮೆಟ್ರೊ ಬಾಗಿಲಿಗೆ ಎಷ್ಟು ನಿಮಿಷ ನೋಡಿ. ಎಂಟು ನಿಮಿಷ ದಾಟಿದರೆ ಮಂಡಿನೋವಿನವರಿಗೆ ಅದು ‘ಮೆಟ್ರೊ ಹತ್ತಿರ’ ಅಲ್ಲ.

ಮೆಟ್ರೊ ಇಳಿದ ಮೇಲೂ ನಡಿಗೆ ಮುಗಿಯುವುದಿಲ್ಲ. ಬುರ್ಜ್ ಖಲೀಫಾ/ದುಬೈ ಮಾಲ್ ಸ್ಟೇಷನ್ನಿನಿಂದ ಮಾಲ್‌ಗೆ ಇರುವ ಸೇತುವೆಯೇ 820 ಮೀಟರ್. ಎಸಿ ಇದೆ, ನಿಂತರೆ ತಾನೇ ಮುಂದಕ್ಕೆ ಒಯ್ಯುವ ಚಲಿಸುವ ಪಟ್ಟಿಯೂ ಇದೆ, ಆದರೂ 820 ಮೀಟರ್ ಅಂದರೆ 820 ಮೀಟರೇ. ಮಾಲ್ ಒಳಗೆ ಸಾವಿರಕ್ಕೂ ಜಾಸ್ತಿ ಅಂಗಡಿ. ಅದನ್ನು ದಾಟಿ ಕಾರಂಜಿ ನೋಡಲು ಹೊರಗೆ ಹೋಗಬೇಕು. ಆ ಒಂದು ದಿನ ಅಮ್ಮನಿಗೆ ಟ್ಯಾಕ್ಸಿ ಮಾಡಿ, ಮಾಲ್ ಬಾಗಿಲಲ್ಲೇ ಇಳಿಸಿ, ಮಾಹಿತಿ ಕೌಂಟರ್‌ನಲ್ಲಿ ವೀಲ್‌ಚೇರ್ ಕೇಳಿ. ನಾಚಿಕೆ ಏನಿಲ್ಲ.

ಟ್ಯಾಕ್ಸಿ ಅಂದಾಗ ನೆನಪಾಯಿತು. ಮಾಮೂಲಿ ಟ್ಯಾಕ್ಸಿಗೆ ನಾಲ್ಕೇ ಜನ. ‘ಮಗುವನ್ನು ತೊಡೆ ಮೇಲೆ ಕೂರಿಸ್ಕೋತೀವಿ’ ಎಂದರೆ ಡ್ರೈವರ್ ಗಾಡಿ ಮುಂದಕ್ಕೇ ಬಿಡುವುದಿಲ್ಲ. ಆರು ಜನಕ್ಕೆ ಎರಡು ಟ್ಯಾಕ್ಸಿ, ಇಲ್ಲ ದೊಡ್ಡ ವ್ಯಾನ್. ಈಗ ದೂರ ನೋಡಿ. ಏರ್‌ಪೋರ್ಟಿನಿಂದ ಬರ್ ದುಬೈ ಹತ್ತು ಕಿಲೋಮೀಟರ್ ಆಸುಪಾಸು. ಜೆಬಿಆರ್ ಮೂವತ್ತೈದರ ಹತ್ತಿರ. ಜೆಬಿಆರ್‌ನಲ್ಲಿ ಇಳಿದುಕೊಂಡರೆ ಹಳೇ ದುಬೈ, ಗೋಲ್ಡ್ ಸೂಕ್ (ಚಿನ್ನದ ಬಜಾರು), ಕ್ರೀಕ್ (ಊರೊಳಗೆ ಬಂದಿರುವ ಸಮುದ್ರದ ಹಿನ್ನೀರು) ಎಲ್ಲ ಊರಿನ ಆ ತುದಿ. ಮೆಟ್ರೊ ಹಿಡಿಯಲು ಮೊದಲು ಟ್ರಾಮ್ ಹತ್ತಬೇಕು. ಬರ್ ದುಬೈನ ಬರ್‌ಜುಮಾನ್ ಸ್ಟೇಷನ್ ಪಕ್ಕ ಇದ್ದರೆ ಮೆಟ್ರೊದ ರೆಡ್ ಲೈನ್, ಗ್ರೀನ್ ಲೈನ್ ಎರಡೂ ಅಲ್ಲೇ ಸಿಗುತ್ತವೆ. ದುಬೈ ಮಾಲ್‌ಗೆ ಗಾಡಿ ಬದಲಿಸದೆ ಹೋಗಬಹುದು. ಮೆಟ್ರೊದಲ್ಲಿ ಮಹಿಳೆ-ಮಕ್ಕಳ ಬೋಗಿ ಬೇರೆ ಇದೆ. ನೀವು ಮತ್ತು ಅಪ್ಪ ಗೊತ್ತಿಲ್ಲದೆ ಅದರಲ್ಲಿ ನಿಂತರೆ ತಲಾ 100 ದಿರ್ಹಂ ದಂಡ. ನೆಲದ ಮೇಲಿನ ಗೆರೆ ನೋಡಿಕೊಳ್ಳಿ.

ಮೂರನೆಯದು ಹೊಟ್ಟೆ. ಫೈವ್ ಸ್ಟಾರ್ ಬಫೆಯಲ್ಲಿ ಎಪ್ಪತ್ತು ಬಗೆ ಇರುತ್ತದೆ, ನಿಮ್ಮ ತಂದೆ ಕಾರ್ನ್‌ಫ್ಲೇಕ್ಸ್ ಮತ್ತು ಬಾಳೆಹಣ್ಣು ತಿಂದು ಎದ್ದು ಬರುತ್ತಾರೆ. ಎರಡನೇ ದಿನಕ್ಕೆ ‘ಅನ್ನ ಸಾರು ಎಲ್ಲಿ ಸಿಗುತ್ತಪ್ಪ?’ ಶುರು. ಬರ್ ದುಬೈನ ಮೀನಾ ಬಜಾರ್, ಪಕ್ಕದ ಕರಾಮಾದಲ್ಲಿ ದಕ್ಷಿಣ ಭಾರತದ ಸಸ್ಯಾಹಾರಿ ಹೋಟೆಲ್‌ಗಳು ಸಾಲುಸಾಲು. ನಮ್ಮ ಮಂಗಳೂರು, ಉಡುಪಿ ಕಡೆಯವರು ಹಿಂದಿನಿಂದಲೂ ನೆಲೆಸಿರುವ ಜಾಗ. ಕೌಂಟರ್‌ನಲ್ಲಿ ತುಳು ಕೇಳಿಸಿದರೆ ಆಶ್ಚರ್ಯಪಡಬೇಡಿ. ಬೆಳಿಗ್ಗೆ ಏಳಕ್ಕೆ ಇಡ್ಲಿ ವಡೆ, ಸಂಜೆ ದೋಸೆ. ‘ಬ್ರೇಕ್‌ಫಾಸ್ಟ್ ಫ್ರೀ’ ಎಂದು ಜಾಸ್ತಿ ದರದ ರೂಮು ತೆಗೆದುಕೊಳ್ಳುವವರು ಇನ್ನೊಂದು ನೋಡಿ: ಆ ಫ್ರೀ ಸಾಮಾನ್ಯವಾಗಿ ರೂಮಿಗೆ ಇಬ್ಬರಿಗೆ ಮಾತ್ರ.

ಮಕ್ಕಳಿಗೆ ಬೀಚ್ ಬೇಕು ಅಲ್ವಾ? ಕೈಟ್ ಬೀಚ್‌ಗೆ ದುಡ್ಡಿಲ್ಲ. ಜೆಬಿಆರ್ ಬೀಚ್‌ಗೂ ಇಲ್ಲ. ಒಂದು ಇಡೀ ದಿನ ಕರೆದುಕೊಂಡು ಹೋಗಿ, ಮರಳಾಡಿಸಿ, ವಾಪಸ್ ಬನ್ನಿ. ಸಂಜೆ ಅಪ್ಪ-ಅಮ್ಮನ ಜೊತೆ ಅಬ್ರಾ ದೋಣಿಯಲ್ಲಿ ಕ್ರೀಕ್ ದಾಟಿ. ಒಬ್ಬರಿಗೆ ಒಂದು ದಿರ್ಹಂ. ಇಡೀ ಪ್ರವಾಸದಲ್ಲಿ ಅಪ್ಪನವರು ಬೈಯದೆ ಕೊಡುವ ದುಡ್ಡು ಅದೊಂದೇ ಇರಬಹುದು.

ಈಗ ಬಿಲ್ಲು. ಸೈಟ್‌ನಲ್ಲಿ ಕಾಣುವ ದರ ಎಷ್ಟೋ ಸಲ ಬರೀ ರೂಮಿನದು. ಅದರ ಮೇಲೆ ಸರ್ವಿಸ್ ಚಾರ್ಜ್ 10%, ಮುನಿಸಿಪಾಲಿಟಿ ಶುಲ್ಕ 7%, ವ್ಯಾಟ್ 5%. ಐದನೇ ಒಂದು ಭಾಗಕ್ಕಿಂತ ಜಾಸ್ತಿಯೇ ಆಯ್ತು. ಅದಲ್ಲದೆ ‘ಟೂರಿಸಂ ದಿರ್ಹಂ’ ಎಂಬ ಶುಲ್ಕ 2014ರಿಂದ ಇದೆ. ಹೋಟೆಲ್ ದರ್ಜೆ ನೋಡಿ ರಾತ್ರಿಗೆ ರೂಮಿಗೆ 7ರಿಂದ 20 ದಿರ್ಹಂ. ಫೋರ್ ಸ್ಟಾರ್‌ಗೆ 15. ಎರಡು ರೂಮು, ಐದು ರಾತ್ರಿ ಎಂದರೆ 150 ದಿರ್ಹಂ. ಅಪಾರ್ಟ್‌ಮೆಂಟ್‌ಗೆ ಬೆಡ್‌ರೂಮ್ ಲೆಕ್ಕದಲ್ಲಿ ಹಾಕುತ್ತಾರೆ. ಇದನ್ನು ಹೆಚ್ಚಾಗಿ ಕೌಂಟರ್‌ನಲ್ಲೇ ವಸೂಲು ಮಾಡುತ್ತಾರೆ, ಮೊದಲೇ ಪೂರ್ತಿ ದುಡ್ಡು ಕಟ್ಟಿದ್ದರೂ. ‘ಎಲ್ಲಾ ಕಟ್ಟಾಗಿದೆ, ಇದೇನು ಮೋಸ?’ ಎಂದು ರಿಸೆಪ್ಷನ್ ಹುಡುಗನ ಮೇಲೆ ಕೂಗಾಡಬೇಡಿ. ಅದು ಸರ್ಕಾರದ ದುಡ್ಡು, ಅವನ ಜೇಬಿಗೆ ಹೋಗುವುದಿಲ್ಲ.

ಬರ್ ದುಬೈ ಎಂದರೆ ಕಣ್ಣುಮುಚ್ಚಿ ಬುಕ್ ಮಾಡಿ ಎಂದಲ್ಲ. ಅಲ್ಲಿನ, ಕ್ರೀಕ್‌ನ ಆಚೆ ದಡದ ದೇರಾದ ಅಗ್ಗದ ಹೋಟೆಲ್‌ಗಳಲ್ಲಿ ಕೆಳಗಿನ ಮಹಡಿಯಲ್ಲಿ ಎರಡು ಮೂರು ನೈಟ್‌ಕ್ಲಬ್ ಇರುವುದು ಮಾಮೂಲು. ನಡುರಾತ್ರಿ ಮೂರರವರೆಗೆ ಡಬ್ಬ ಡಬ್ಬ ಎಂದು ಬಡಿಯುತ್ತಿರುತ್ತದೆ. ಲಿಫ್ಟ್‌ನಲ್ಲಿ ನಿಮ್ಮ ಜೊತೆ ಅಮ್ಮ, ಮಕ್ಕಳು, ನಾಲ್ಕು ಜನ ಕುಡಿದವರು. ಹೋಟೆಲ್ ತನ್ನ ಪುಟದಲ್ಲಿ ಇದನ್ನು ದೊಡ್ಡದಾಗಿ ಹೇಳುವುದಿಲ್ಲ. ಅತಿಥಿಗಳ ವಿಮರ್ಶೆಯಲ್ಲಿ ‘ನೈಟ್‌ಕ್ಲಬ್’, ‘ಮ್ಯೂಸಿಕ್’, ‘ಗಲಾಟೆ’ ಹುಡುಕಿ. ಐದು ಸ್ಟಾರ್ ಕೊಟ್ಟವರದ್ದನ್ನು ಬಿಡಿ, ಎರಡು ಸ್ಟಾರ್ ಕೊಟ್ಟ ಸಂಸಾರಸ್ಥರದ್ದನ್ನು ಓದಿ. ಮದ್ಯ ಇಲ್ಲದ ಹೋಟೆಲ್ ಅಪಾರ್ಟ್‌ಮೆಂಟ್‌ಗಳು ಬೇಕಾದಷ್ಟಿವೆ. ನನ್ನ ಮನೆಯವರನ್ನು ಕರೆದೊಯ್ದರೆ ನಾನು ಅದನ್ನೇ ಹುಡುಕುತ್ತೇನೆ.

ಕೊನೆಗೆ ತಾರೀಖು. ಸಾಧ್ಯವಿದ್ದರೆ ಡಿಸೆಂಬರ್ ಕೊನೆ ಬಿಟ್ಟು ಜನವರಿ ಎರಡನೇ ವಾರಕ್ಕೆ ಹಾಕಿ. ಚಳಿಗಾಲದ ಹವೆ ಹಾಗೇ ಇರುತ್ತದೆ, ದರ ಇಳಿದಿರುತ್ತದೆ. ಡಿಸೆಂಬರ್ 31ಕ್ಕೆ ಬುರ್ಜ್ ಖಲೀಫಾ ಸುತ್ತಲಿನ ರಸ್ತೆಗಳನ್ನು ಮಧ್ಯಾಹ್ನದಿಂದಲೇ ಒಂದೊಂದಾಗಿ ಮುಚ್ಚುತ್ತಾರೆ, ಸಂಜೆ ಆ ಮೆಟ್ರೊ ಸ್ಟೇಷನ್ನೂ ಬಂದ್. ಆ ಜನಜಂಗುಳಿಯಲ್ಲಿ ಮಂಡಿನೋವಿನವರನ್ನು ನಿಲ್ಲಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಟಿವಿಯಲ್ಲಿ ನೋಡಿ.

ಪ್ರಶ್ನೆ: ಬುರ್ಜ್ ಅಲ್ ಅರಬ್ ಹೋಟೆಲ್ 7 ಸ್ಟಾರ್ ಅಂತಾರೆ, ಹಾಗಾದ್ರೆ 5 ಸ್ಟಾರ್ ಸಾಧಾರಣವಾ?

7 ಸ್ಟಾರ್ ಎಂಬ ದರ್ಜೆಯೇ ಇಲ್ಲ. 1999ರಲ್ಲಿ ಅದು ಶುರುವಾದಾಗ ಪತ್ರಿಕೆಯವರು ಹಬ್ಬಿಸಿದ ಮಾತು. ಅದೂ ಫೈವ್ ಸ್ಟಾರೇ. ಇನ್ನು ಆ ರೀಲ್ಸ್ ಕಳಿಸಬೇಡಿ.

ಪ್ರಶ್ನೆ: ಶಾರ್ಜಾದಲ್ಲಿ ಅರ್ಧ ದರಕ್ಕೆ ಒಳ್ಳೆ ಹೋಟೆಲ್ ಇದೆ, ದುಬೈ ಪಕ್ಕದಲ್ಲೇ ಅಲ್ವಾ?

ಮ್ಯಾಪ್‌ನಲ್ಲಿ ಪಕ್ಕದಲ್ಲೇ. ಸಂಜೆ ಆರು ಗಂಟೆಗೆ ದುಬೈ-ಶಾರ್ಜಾ ನಡುವಿನ ಅಲ್ ಇತಿಹಾದ್ ರಸ್ತೆಯಲ್ಲಿ ನಿಂತು ನೋಡಿ, ಸಿಲ್ಕ್ ಬೋರ್ಡ್ ವಾಸಿ ಅನ್ನಿಸುತ್ತದೆ. ಮೆಟ್ರೊ ಅಲ್ಲಿಗೆ ಹೋಗುವುದಿಲ್ಲ. ಶಾರ್ಜಾದಲ್ಲಿ ನೆಂಟರಿದ್ದರೆ ಮಾತ್ರ.

ಪ್ರಶ್ನೆ: ಬುರ್ಜ್ ಖಲೀಫಾ ವ್ಯೂ ರೂಮಿಗೆ ಜಾಸ್ತಿ ಕೊಡಬಹುದಾ?

ಬೇಡ. ‘ಪಾರ್ಶಲ್ ವ್ಯೂ’ ಎಂದರೆ ಕುತ್ತಿಗೆ ತಿರುಗಿಸಿದರೆ ಕಾಣುವುದು.

ಪ್ರಶ್ನೆ: ನಮ್ಮ ಏಜೆಂಟ್ ಫೋರ್ ಸ್ಟಾರ್ ಪ್ಯಾಕೇಜ್ ತುಂಬಾ ಕಡಿಮೆಗೆ ಕೊಡ್ತಿದ್ದಾರೆ. ಹೋಟೆಲ್ ಹೆಸರಿನ ಮುಂದೆ ‘ಅಥವಾ ಅದೇ ದರ್ಜೆಯದು’ ಅಂತ ಇದೆ. ಪರವಾಗಿಲ್ವಾ? (ಹಾಸನದ ಓದುಗರು)

ನೀವು ಕೊಳ್ಳುತ್ತಿರುವುದು ಆ ‘ಅದೇ ದರ್ಜೆಯದು’ ಎಂಬ ಹೋಟೆಲನ್ನು. ಫೋಟೊದಲ್ಲಿರುವುದನ್ನಲ್ಲ. ಹೊರಡುವ ಎರಡು ದಿನ ಮುಂಚೆ ಹೆಸರು ಬದಲಾಗುತ್ತದೆ, ಅಡ್ವಾನ್ಸ್ ವಾಪಸ್ ಬರುವುದಿಲ್ಲ. ಹೋಟೆಲ್ ಹೆಸರು, ರೂಮಿನ ಬಗೆ, ಹೋಟೆಲ್ ಕೊಟ್ಟ ಬುಕಿಂಗ್ ನಂಬರ್ ಮೂರೂ ಕೇಳಿ. ಆ ನಂಬರ್ ಹಿಡಿದು ನೀವೇ ಹೋಟೆಲ್‌ಗೆ ಇಮೇಲ್ ಮಾಡಿ, ಬುಕಿಂಗ್ ಇದೆಯಾ ಎಂದು ಕೇಳಿ. ಇಷ್ಟಕ್ಕೆ ಸಿಟ್ಟಾಗುವ ಏಜೆಂಟ್ ನಿಮಗೆ ಬೇಡ.

ಪ್ರಶ್ನೆ: ನಮ್ಮ ವಿಮಾನ ಬೆಳಗಿನ ಜಾವ ಇಳಿಯುತ್ತೆ. ಬೇಗ ರೂಮ್ ಕೊಡ್ತಾರಾ?

ಚೆಕ್-ಇನ್ ಮಧ್ಯಾಹ್ನ ಎರಡು ಅಥವಾ ಮೂರಕ್ಕೆ. ಚಿಕ್ಕ ಮಕ್ಕಳಿದ್ದರೆ ಹಿಂದಿನ ರಾತ್ರಿಯಿಂದಲೇ ಬುಕ್ ಮಾಡಿ, ತಡವಾಗಿ ಬರುತ್ತೇವೆ ಎಂದು ತಿಳಿಸಿ. ಇಲ್ಲ ಅಂದರೆ ಲಾಬಿಯ ಸೋಫಾ.

ಪ್ರಶ್ನೆ: ಡೆಪಾಸಿಟ್ ಅಂತ ಕಾರ್ಡ್‌ನಲ್ಲಿ ದುಡ್ಡು ಹಿಡಿದ್ರು, ಎರಡು ವಾರ ಆದ್ರೂ ಬಂದಿಲ್ಲ.

ಡೆಬಿಟ್ ಕಾರ್ಡ್ ಕೊಟ್ಟಿರುತ್ತೀರಿ. ಹೋಟೆಲ್ ಬಿಟ್ಟರೂ ಬ್ಯಾಂಕ್ ಬಿಡಲು ದಿನ ಹಿಡಿಯುತ್ತದೆ. ಇನ್ನು ಮುಂದೆ ಡೆಪಾಸಿಟ್‌ಗೆ ಕ್ರೆಡಿಟ್ ಕಾರ್ಡ್ ಇಲ್ಲವೇ ನಗದು. ಮಷೀನ್ ‘ರೂಪಾಯಿಯಲ್ಲಾ, ದಿರ್ಹಂನಲ್ಲಾ’ ಎಂದು ಕೇಳಿದರೆ ದಿರ್ಹಂ ಒತ್ತಿ.

ಪ್ರಶ್ನೆ: ಅಪಾರ್ಟ್‌ಮೆಂಟ್‌ನಲ್ಲಿ ಅಡುಗೆ ಮಾಡ್ಕೋಬಹುದಲ್ವಾ? ಮನೆಯಿಂದ ಮಸಾಲೆ ಪುಡಿ ಒಯ್ಯಬಹುದಾ? (ಶಿವಮೊಗ್ಗದ ಓದುಗರು)

ಅನ್ನ ಸಾರು ಮಾಡಿಕೊಳ್ಳಿ. ಆದರೆ ಇದನ್ನು ಮಾತ್ರ ಹಗುರಾಗಿ ತಗೊಳ್ಳಬೇಡಿ: ಗಸಗಸೆ ಯುಎಇಯಲ್ಲಿ ನಿಷಿದ್ಧ. ಅಲ್ಲಿ ಅದು ಮಾದಕವಸ್ತು ಕಾನೂನಿನ ಕೆಳಗೆ ಬರುತ್ತದೆ. ಗಸಗಸೆ ಹಾಕಿದ ಮಸಾಲೆ ಪುಡಿ, ಪಾಯಸದ ಮಿಕ್ಸ್, ಯಾವುದೂ ಬೇಡ. ಅಮ್ಮ ಪ್ರೀತಿಯಿಂದ ಡಬ್ಬಿಗೆ ತುಂಬಿಸಿ ಬ್ಯಾಗಿಗೆ ಸೇರಿಸಿರುತ್ತಾರೆ, ಅದನ್ನು ಕಸ್ಟಮ್ಸ್‌ನವರಿಗೆ ವಿವರಿಸಲಾಗದು. ಬ್ಯಾಗನ್ನು ನೀವೇ ಒಮ್ಮೆ ಬಿಚ್ಚಿ ನೋಡಿ. ಸಾಸಿವೆ, ಮೆಣಸಿನಪುಡಿ, ಬೇಳೆ ಎಲ್ಲ ಕರಾಮಾದ ಅಂಗಡಿಯಲ್ಲಿ ಸಿಗುತ್ತದೆ, ಒಯ್ಯುವ ಅಗತ್ಯವೇ ಇಲ್ಲ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ನೋವಿನ ಮಾತ್ರೆ, ನಿದ್ದೆ ಮಾತ್ರೆಗಳಿಗೂ ಅಲ್ಲಿ ಕಟ್ಟುನಿಟ್ಟು. ಅಪ್ಪ-ಅಮ್ಮನ ಮಾತ್ರೆಗಳಲ್ಲಿ ಅಂಥದ್ದಿದ್ದರೆ ಡಾಕ್ಟರ ಚೀಟಿ ಇಟ್ಟುಕೊಂಡು, ಯುಎಇ ಸರ್ಕಾರದ ವೆಬ್‌ಸೈಟ್‌ನಲ್ಲಿ ಮೊದಲೇ ಅನುಮತಿ ಪಡೆಯಿರಿ. ಹೋಟೆಲ್ ಬುಕ್ ಮಾಡಿದ ದಿನವೇ ಈ ಕೆಲಸ ಶುರು ಮಾಡಿ, ಹೊರಡುವ ಹಿಂದಿನ ರಾತ್ರಿ ನನಗೆ ಫೋನ್ ಮಾಡಬೇಡಿ.