ಹೊಸ ಪುಟಕ್ಕೆ ಹಳೆಯ ಸ್ಟೈಲ್‌ಶೀಟ್: ಕ್ಯಾಶ್ ನಿಲ್ಲಿಸಬೇಕೇ?

ಪ್ರಶ್ನೆ: ಅಡಿಕೆ ಧಾರಣೆ ತೋರಿಸುವ ವೆಬ್ ಆ್ಯಪ್ ಒಂದನ್ನು ಮೊಬೈಲ್ ಬಳಕೆದಾರರಿಗಾಗಿ ಮಾಡಿದ್ದೇನೆ. ವಿನ್ಯಾಸ ಬದಲಿಸಿದಾಗಲೆಲ್ಲ ಕೆಲವರ ಫೋನಿನಲ್ಲಿ ಹಳೆಯ ಸ್ಟೈಲ್‌ಶೀಟ್ (ಪುಟದ ರೂಪ ನಿರ್ಧರಿಸುವ ಕಡತ) ಉಳಿದು, ಅಂಕಿಗಳು ಒಂದರ ಮೇಲೊಂದು ಬೀಳುತ್ತವೆ. ಕ್ಯಾಶ್ (ಒಮ್ಮೆ ಇಳಿದ ಕಡತಗಳನ್ನು ಬ್ರೌಸರ್ ಮರುಬಳಕೆಗಾಗಿ ಫೋನಿನಲ್ಲೇ ಇಟ್ಟುಕೊಳ್ಳುವ ಸಂಗ್ರಹ) ನಿಲ್ಲಿಸಿದರೆ, ನೆಟ್‌ವರ್ಕ್ ಸರಿಯಾಗಿ ಸಿಗದ ಊರಿನವರು ಪುಟವೇ ತೆರೆಯುವುದಿಲ್ಲ ಎನ್ನುತ್ತಾರೆ. ಪರಿಹಾರವೇನು?
– ಓದುಗರೊಬ್ಬರು, ಶಿರಸಿ

ಉತ್ತರ: ಕ್ಯಾಶ್ ನಿಲ್ಲಿಸಬೇಡಿ, ಕಡತದ ಹೆಸರನ್ನು ಬದಲಿಸಿ. ಬ್ರೌಸರ್ ಕಡತವನ್ನು ಗುರುತಿಸುವುದು ಅದರ ವಿಳಾಸದಿಂದಲೇ ಹೊರತು ಒಳಗಿನ ಸಾಲುಗಳಿಂದಲ್ಲ. ಅದೇ ವಿಳಾಸದಲ್ಲಿ ಹೊಸ ಸ್ಟೈಲ್‌ಶೀಟ್ ಇಟ್ಟರೆ, ಹಳೆಯದರ ಅವಧಿ ಮುಗಿಯುವವರೆಗೆ ಫೋನು ಸಾಮಾನ್ಯವಾಗಿ ಸರ್ವರನ್ನು ಕೇಳುವುದೇ ಇಲ್ಲ. ಆದ್ದರಿಂದ ಕಡತದ ಒಳಗಿನ ಸಾಲುಗಳಿಂದಲೇ ಲೆಕ್ಕಹಾಕಿದ ಹ್ಯಾಶ್ ಎಂಬ ಪುಟ್ಟ ಗುರುತನ್ನು ಹೆಸರಿಗೆ ಸೇರಿಸಿ 'ಸ್ಟೈಲ್.48271.ಸಿಎಸ್‌ಎಸ್' ಎಂಬಂತೆ ಪ್ರಕಟಿಸಿ. ವೆಬ್‌ಪ್ಯಾಕ್, ವೀಟ್‌ನಂಥ ಸಾಧನಗಳು ಈ ಕೆಲಸವನ್ನು ತಾವೇ ಮಾಡಿಕೊಡುತ್ತವೆ. ಒಂದು ಸಾಲು ಬದಲಾದರೂ ಹೆಸರು ಬದಲಾಗುವುದರಿಂದ, ಇಂಥ ಕಡತಗಳಿಗೆ 'ಕ್ಯಾಶ್-ಕಂಟ್ರೋಲ್: ಮ್ಯಾಕ್ಸ್-ಏಜ್=31536000, ಇಮ್ಯೂಟಬಲ್' ಎಂಬ ಹೆಡರನ್ನು (ಕಡತದ ಜೊತೆ ಸರ್ವರ್ ಕಳುಹಿಸುವ ಸೂಚನೆ), ಅಂದರೆ 365 ದಿನಗಳ ಅವಧಿಯನ್ನು, ನಿರ್ಭಯವಾಗಿ ಕೊಡಬಹುದು.

ಈ ಹೆಸರುಗಳನ್ನು ಹೇಳುವ ಎಚ್‌ಟಿಎಂಎಲ್ ಪುಟಕ್ಕೆ ಮಾತ್ರ 'ನೋ-ಕ್ಯಾಶ್' ಹಾಕಿ. ಆಗ ಪುಟ ಫೋನಿನಲ್ಲಿ ಉಳಿಯುತ್ತದೆ, ಆದರೆ ಬಳಸುವ ಮುನ್ನ ಬ್ರೌಸರ್ ಸರ್ವರನ್ನು ಕೇಳಲೇಬೇಕಾಗುತ್ತದೆ. ಇ-ಟ್ಯಾಗ್ (ಪುಟದ ಆವೃತ್ತಿಯನ್ನು ಗುರುತಿಸುವ ಚೀಟಿ) ಇದ್ದು ಪುಟ ಬದಲಾಗಿರದಿದ್ದರೆ, ಸರ್ವರ್ 304 ಎಂಬ ಪುಟ್ಟ ಉತ್ತರ ಕಳುಹಿಸಿ ಸುಮ್ಮನಾಗುತ್ತದೆ. ಪುಟವನ್ನು ಇಟ್ಟುಕೊಳ್ಳಲೇಬಾರದು ಎನ್ನುವ 'ನೋ-ಸ್ಟೋರ್' ಇಲ್ಲಿ ಬೇಡ. ಹಾಗೆಯೇ ಹಳೆಯ ಕಡತಗಳನ್ನು ಸರ್ವರಿನಿಂದ ಕೂಡಲೇ ಅಳಿಸಬೇಡಿ; ಬೆಳಿಗ್ಗೆ ತೆರೆದ ಪುಟವನ್ನು ಹಾಗೆಯೇ ಬಿಟ್ಟು ಸಂಜೆ ಮತ್ತೆ ನೋಡುವವರ ಫೋನು ಹಳೆಯ ಹೆಸರಿನ ಸ್ಕ್ರಿಪ್ಟನ್ನೇ ಕೇಳುತ್ತದೆ.

ಜೆಕ್ವೆರಿಯಂಥ ಲೈಬ್ರರಿಯನ್ನು (ಸಿದ್ಧ ಸ್ಕ್ರಿಪ್ಟ್‌ಗಳ ಸಂಗ್ರಹ) ಹೊರಗಿನ ಸಿಡಿಎನ್‌ನಿಂದ (ಹಲವು ತಾಣಗಳಿಗೆ ಕಡತ ಹಂಚುವ ಸರ್ವರ್ ಜಾಲ) ತಂದರೆ, ಬೇರೆ ತಾಣಕ್ಕಾಗಿ ಆಗಲೇ ಇಳಿದ ಪ್ರತಿ ನಮಗೂ ಒದಗುತ್ತದೆ ಎಂಬ ನಂಬಿಕೆ ಇನ್ನೂ ಇದೆ. 2020ರಿಂದ ಕ್ರೋಮ್ ಕೂಡ ಪ್ರತಿ ತಾಣದ ಕ್ಯಾಶನ್ನು ಪ್ರತ್ಯೇಕವಾಗಿ ಇಡುವುದರಿಂದ ಆ ಲಾಭವಿಲ್ಲ. ನಿಮ್ಮ ಸರ್ವರಿನಲ್ಲೇ ಇಟ್ಟುಕೊಂಡರೆ ಇನ್ನೊಂದು ಸರ್ವರಿಗೆ ಸಂಪರ್ಕ ಹೂಡುವ ಸಮಯವಾದರೂ ಉಳಿದೀತು, ನಿಧಾನದ ನೆಟ್‌ವರ್ಕಿನಲ್ಲಿ ಅದು ಸಣ್ಣ ಉಳಿತಾಯವಲ್ಲ.

ನೆಟ್‌ವರ್ಕ್ ಇಲ್ಲದಾಗಲೂ ಆ್ಯಪ್ ತೆರೆಯಬೇಕೆಂದರೆ ಸರ್ವಿಸ್ ವರ್ಕರ್ (ಪುಟಕ್ಕೂ ನೆಟ್‌ವರ್ಕಿಗೂ ನಡುವೆ ನಿಂತು ಕೆಲಸ ಮಾಡುವ ಸ್ಕ್ರಿಪ್ಟ್) ಬೇಕು. ಸ್ಕ್ರಿಪ್ಟ್ ಮತ್ತು ಸ್ಟೈಲ್‌ಶೀಟನ್ನು ಅದು ಕ್ಯಾಶಿನಿಂದ ಕೊಡಲಿ, ಧಾರಣೆಯನ್ನು ಮಾತ್ರ ಮೊದಲು ನೆಟ್‌ವರ್ಕಿನಿಂದಲೇ ತರಲಿ; ನಿನ್ನೆಯ ದರವನ್ನು ಇಂದಿನದೆಂದು ನಂಬಿ ರೈತರು ಮಾಲು ಮಾರುವಂತಾಗಬಾರದು. ಐಫೋನಿನ ಸಫಾರಿಯಲ್ಲಿ, 7 ದಿನ ಬ್ರೌಸರ್ ಬಳಸಿಯೂ ನಿಮ್ಮ ತಾಣದ ಕಡೆ ಬಾರದವರ ಫೋನಿನಿಂದ ಈ ಸಂಗ್ರಹ ಅಳಿಯಬಹುದು ಎಂಬುದೂ ಗಮನದಲ್ಲಿರಲಿ.

ಪರೀಕ್ಷಿಸುವಾಗ ರಿಫ್ರೆಶ್ ಒತ್ತಬೇಡಿ, ಕ್ಯಾಶ್ ಬಳಸುವ ಕ್ರಮ ಅದರಿಂದ ಬದಲಾಗುತ್ತದೆ. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಜೋಡಿಸಿ, ಲಿಂಕ್ ಒತ್ತಿ ಪುಟ ತೆರೆದು, ಪುಟ ಪರಿಶೀಲಿಸುವ ಬ್ರೌಸರ್ ಸಾಧನವಾದ ಡೆವ್‌ಟೂಲ್ಸ್‌ನ ನೆಟ್‌ವರ್ಕ್ ಪಟ್ಟಿ ನೋಡಿ. ಎರಡನೆಯ ಸಲ ತೆರೆದಾಗ ಸ್ಟೈಲ್‌ಶೀಟಿನ ಮುಂದೆ 'ಡಿಸ್ಕ್ ಕ್ಯಾಶ್' ಅಥವಾ 'ಮೆಮೊರಿ ಕ್ಯಾಶ್' ಎಂದು ಕಾಣಿಸಬೇಕು.