ಕಾರು ಒಂದೇ ಇರಲಿ, ಓಡಿಸುವವರು ಇಬ್ಬರಿರಲಿ

ಮಾನ್ಯರೇ,

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡ ಬಗೆಯನ್ನು ಮೊದಲು ಹೇಳುತ್ತೇನೆ. ನೀವು ದಂಪತಿಗಳಿಬ್ಬರೂ ನಿವೃತ್ತರು. ಹಾಸನದ ವಿದ್ಯಾನಗರದಲ್ಲಿ ಮನೆ, ಸಕಲೇಶಪುರದಾಚೆ ಒಂದಿಷ್ಟು ಕಾಫಿ ತೋಟ. ಬರುವ ಮಾರ್ಚ್‌ನಲ್ಲಿ ಕಾಯಂ ವೀಸಾದ ಮೇಲೆ ಸಿಡ್ನಿಯಲ್ಲಿರುವ ಮಗನ ಬಳಿಗೆ ಹೊರಡುವವರಿದ್ದೀರಿ. ಆದರೆ ಪ್ರತಿ ವರ್ಷ ಕೊಯ್ಲಿನ ಹೊತ್ತಿಗೆ ಊರಿಗೆ ಬಂದು ಎರಡು ಮೂರು ತಿಂಗಳು ಇರುವ ಯೋಚನೆ ನಿಮ್ಮದು. ತೋಟಕ್ಕೆಂದು ಒಂದು ಬೊಲೆರೊ, ಪೇಟೆಗೆಂದು ಒಂದು ಚಿಕ್ಕ ಕಾರು ಈಗ ನಿಮ್ಮಲ್ಲಿವೆ. ‘ಅಲ್ಲಿ ಕಾರಿಲ್ಲದವರು ಕಾಲಿಲ್ಲದವರಂತೆ, ಇಬ್ಬರಿಗೂ ಒಂದೊಂದು ತೆಗೆದುಬಿಡೋಣ’ ಎಂದು ಮಗ ಹೇಳುತ್ತಿದ್ದಾನೆ. ಸಿಡ್ನಿಯಲ್ಲಿ ಎರಡು ಕಾರು ಬೇಕೇ, ಹಾಸನದ ಎರಡನ್ನೂ ಉಳಿಸಿಕೊಳ್ಳಬೇಕೇ ಎಂಬುದು ನಿಮ್ಮ ಪ್ರಶ್ನೆ.

ನಾನು ಚಿಕ್ಕಮಗಳೂರಿನವನು. ಬಹಳ ವರ್ಷಗಳಿಂದ ಸಿಡ್ನಿಯ ಪಶ್ಚಿಮದ ಬಡಾವಣೆಯೊಂದರಲ್ಲಿ ನೆಲೆಸಿದ್ದೇನೆ. ನಿವೃತ್ತಿಯಾದ ಮೇಲೆ ನಾನೂ ನನ್ನ ಹೆಂಡತಿಯೂ ಕೊಯ್ಲಿನ ಕಾಲವನ್ನು ಊರಿನಲ್ಲೇ ಕಳೆಯುತ್ತೇವೆ, ಈ ಪತ್ರವನ್ನೂ ಚಿಕ್ಕಮಗಳೂರಿನಿಂದಲೇ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಇಷ್ಟು: ಅಲ್ಲಿ ಒಂದು ಕಾರು ಸಾಕು, ಇಲ್ಲಿಯೂ ಒಂದು ಸಾಕು, ಆದರೆ ಎರಡೂ ಕಡೆ ಆ ಒಂದು ಕಾರನ್ನು ನೀವಿಬ್ಬರೂ ಓಡಿಸುವಂತಿರಬೇಕು. ಕಾರುಗಳ ಸಂಖ್ಯೆಗಿಂತ ಲೈಸೆನ್ಸುಗಳ ಸಂಖ್ಯೆ ಮುಖ್ಯವೆಂದು ನಾನು ನಂಬಿರುವುದರಿಂದ ಅದರ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ಮೊದಲು ಖರ್ಚಿನ ಮಾತು. ಸಿಡ್ನಿಯಲ್ಲಿ ಕಾರನ್ನು ಕೊಂಡುಬಿಟ್ಟರೆ ಮುಗಿಯಲಿಲ್ಲ, ಅದನ್ನು ರಸ್ತೆಯ ಮೇಲೆ ಇಟ್ಟುಕೊಳ್ಳುವುದಕ್ಕೇ ವರ್ಷ ವರ್ಷವೂ ಹಣ ಕಟ್ಟಬೇಕು. ನಮ್ಮಲ್ಲಿ ಆಜೀವ ತೆರಿಗೆಯನ್ನು ಒಮ್ಮೆ ಕಟ್ಟಿದರೆ ನೋಂದಣಿಯ ಚಿಂತೆ 15 ವರ್ಷ ಇರುವುದಿಲ್ಲ. ಅಲ್ಲಿ ನೋಂದಣಿಯನ್ನು ಕಾಲಕಾಲಕ್ಕೆ ನವೀಕರಿಸಬೇಕು, ಹಾಗೆ ನವೀಕರಿಸುವ ಮೊದಲು ‘ಗ್ರೀನ್ ಸ್ಲಿಪ್’ ಎನ್ನುವ ಕಡ್ಡಾಯ ವಿಮೆಯನ್ನು ಮಾಡಿಸಿರಬೇಕು, ಕಾರಿಗೆ ಐದು ವರ್ಷ ದಾಟಿದ್ದರೆ ವರ್ಷಕ್ಕೊಮ್ಮೆ ಗ್ಯಾರೇಜಿನಲ್ಲಿ ಸುರಕ್ಷತಾ ತಪಾಸಣೆ ಮಾಡಿಸಿ ‘ಪಿಂಕ್ ಸ್ಲಿಪ್’ ಪಡೆದಿರಬೇಕು. ಗ್ರೀನ್ ಸ್ಲಿಪ್ ಜನರಿಗೆ ಆಗುವ ಗಾಯಕ್ಕಷ್ಟೇ ಪರಿಹಾರ ಕೊಡುತ್ತದೆ, ಎದುರಿನ ಕಾರಿಗಾಗಲಿ ನಿಮ್ಮ ಕಾರಿಗಾಗಲಿ ಆಗುವ ಜಖಂ ಅದರೊಳಗೆ ಬರುವುದಿಲ್ಲ. ಆದ್ದರಿಂದ ಅದರ ಮೇಲೆ ಸಮಗ್ರ ವಿಮೆಯನ್ನೂ ಮಾಡಿಸುವುದು ವಾಡಿಕೆ, ಆ ದೇಶದಲ್ಲಿ ಓಡಿಸಿದ ಅನುಭವವಿಲ್ಲದ ಹೊಸಬರಿಗೆ ಅದು ಅಗ್ಗವಾಗಿಯೇನೂ ಸಿಗುವುದಿಲ್ಲ. ಇವುಗಳ ಜೊತೆಗೆ ಸರ್ವೀಸು, ಟೈರು ಸೇರಿದರೆ ಒಂದು ಸಾಧಾರಣ ಕಾರು ಗ್ಯಾರೇಜಿನಲ್ಲಿ ಸುಮ್ಮನೆ ನಿಂತಿದ್ದರೂ ವರ್ಷಕ್ಕೆ 2,000 ಡಾಲರು ಸುಲಭವಾಗಿ ದಾಟುತ್ತದೆ. ಕೊಂಡ ಬೆಲೆಯಾಗಲಿ, ಅದು ವರ್ಷ ವರ್ಷ ಕರಗುವುದಾಗಲಿ, ಪೆಟ್ರೋಲಾಗಲಿ ಈ ಲೆಕ್ಕದಲ್ಲಿಲ್ಲ.

ಇದರ ಎದುರಿಗೆ ಇನ್ನೊಂದು ಲೆಕ್ಕವನ್ನು ಇಡುತ್ತೇನೆ. ಸಿಡ್ನಿ ಇರುವ ರಾಜ್ಯವಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಕಾಯಂ ಆಗಿ ವಾಸಿಸುವ, 60 ವರ್ಷ ತುಂಬಿದ, ವಾರಕ್ಕೆ 20 ಗಂಟೆಗಿಂತ ಹೆಚ್ಚು ಸಂಬಳದ ಕೆಲಸ ಮಾಡದ ಹಿರಿಯರಿಗೆ ಸೀನಿಯರ್ಸ್ ಕಾರ್ಡ್ ಸಿಗುತ್ತದೆ, ಅದರ ಆಧಾರದ ಮೇಲೆ ಗೋಲ್ಡ್ ಓಪಲ್ ಎಂಬ ಪ್ರಯಾಣದ ಕಾರ್ಡು ದೊರೆಯುತ್ತದೆ. ಅದನ್ನು ಹಿಡಿದು ರೈಲು, ಮೆಟ್ರೊ, ಬಸ್ಸು, ದೋಣಿ ಯಾವುದರಲ್ಲಿ ಎಷ್ಟು ಸಲ ಹತ್ತಿಳಿದರೂ ದಿನಕ್ಕೆ 2.50 ಡಾಲರಿಗಿಂತ ಹೆಚ್ಚು ಕಡಿತವಾಗುವುದಿಲ್ಲ. ಬ್ಲೂ ಮೌಂಟನ್ಸ್ ಬೆಟ್ಟಗಳಿಗೂ ನ್ಯೂಕಾಸಲ್‌ಗೂ ಹೋಗಿಬರುವ ದೂರದ ರೈಲುಗಳೂ ಇದರೊಳಗೇ ಸೇರಿವೆ. ನೀವಿಬ್ಬರೂ ವರ್ಷದ 365 ದಿನವೂ ಒಂದು ದಿನ ಬಿಡದೆ ಓಡಾಡಿದರೂ ಇಬ್ಬರಿಗೂ ಸೇರಿ 1,825 ಡಾಲರಿಗಿಂತ ಮೇಲೆ ಹೋಗುವುದು ಸಾಧ್ಯವಿಲ್ಲ. ಎರಡನೆಯ ಕಾರನ್ನು ಬರಿದೇ ನಿಲ್ಲಿಸಿಕೊಳ್ಳುವ ಹಣದಲ್ಲಿ ಇಬ್ಬರ ವರ್ಷವಿಡೀ ಪ್ರಯಾಣ ನಡೆದು, ಮಳೆಯ ದಿನಕ್ಕೋ ಆಸ್ಪತ್ರೆಯ ಭೇಟಿಗೋ ಟ್ಯಾಕ್ಸಿ ಕರೆಯಲು ಒಂದಿಷ್ಟು ಮಿಗುತ್ತದೆ.

ಆದರೆ ಈ ಲೆಕ್ಕ ನಿಲ್ಲುವುದು ಮನೆ ಎಲ್ಲಿದೆ ಎಂಬುದರ ಮೇಲೆ. ನಿಮ್ಮ ಮಗನ ಮನೆ ಮಾರ್ಸ್‌ಡನ್ ಪಾರ್ಕಿನಲ್ಲಿದೆ ಎಂದಿದ್ದೀರಿ. ಅಲ್ಲಿ ರೈಲು ನಿಲ್ದಾಣವಿಲ್ಲ, ಬಸ್ಸು ಹಿಡಿದು ಸ್ಕೋಫೀಲ್ಡ್ಸ್‌ಗೋ ಬ್ಲ್ಯಾಕ್‌ಟೌನ್‌ಗೋ ಹೋಗಿ ರೈಲು ಹತ್ತಬೇಕು. ಆ ಮನೆಯಲ್ಲಿ ಕುಳಿತು ನೋಡಿದಾಗ ಮಗನ ಮಾತು ಅವನಿಗೆ ಸರಿಯಾಗಿಯೇ ಕಾಣುತ್ತದೆ. ನೀವು ಅವನೊಂದಿಗೇ ಇರುವುದಾದರೆ ಆ ಮನೆಯಲ್ಲಿ ಆಗಲೇ ಎರಡು ಕಾರುಗಳಿರುವುದರಿಂದ ನಿಮ್ಮದು ಮೂರನೆಯದಾಗುತ್ತದೆ, ನಾಲ್ಕನೆಯದು ರಸ್ತೆಯ ಬದಿಯಲ್ಲೇ ನಿಲ್ಲಬೇಕಾಗುತ್ತದೆ. ಬೇರೆ ಬಾಡಿಗೆ ಮನೆ ಮಾಡುವುದಾದರೆ, ಕಾರು ಹುಡುಕುವ ಮೊದಲು ನಿಲ್ದಾಣಕ್ಕೆ ನಡೆದು ಹೋಗಬಹುದಾದ ಮನೆಯನ್ನು ಹುಡುಕಿರಿ. ಮಗನಿಗೆ ಹತ್ತಿರವೇ ಇರಬೇಕೆಂದರೆ ಸ್ಕೋಫೀಲ್ಡ್ಸ್ ಇದೆ, ಟಲ್ಲವಾಂಗ್ ಇದೆ. ಟಲ್ಲವಾಂಗ್‌ನಿಂದ 2019ರಲ್ಲಿ ಆರಂಭವಾದ ಮೆಟ್ರೊ 2024ರ ಆಗಸ್ಟ್‌ನಿಂದ ನಗರದ ನಡುವಿನವರೆಗೂ ನೇರವಾಗಿ ಹೋಗುತ್ತಿದೆ. ನಮ್ಮವರ ಅಂಗಡಿಗಳೂ ವೈದ್ಯರೂ ಹತ್ತಿರವಿರಲಿ ಎಂದರೆ ವೆಂಟ್‌ವರ್ತ್‌ವಿಲ್, ಟೂಂಗಾಬಿ, ವೆಸ್ಟ್‌ಮೀಡ್ ಕಡೆ ನೋಡಬಹುದು. ಇವೆಲ್ಲ ರೈಲು ಮಾರ್ಗದ ಮೇಲೆಯೇ ಇವೆ. ತರಕಾರಿಗೆಂದು ಫ್ಲೆಮಿಂಗ್ಟನ್ ಸಂತೆಗೂ ರೈಲಿನಲ್ಲೇ ಹೋಗಿ ಬರಬಹುದು. ಕಾರು ನಿಜವಾಗಿಯೂ ಬೇಕೆನಿಸುವುದು ಹೆಲೆನ್ಸ್‌ಬರ್ಗಿನ ವೆಂಕಟೇಶ್ವರ ದೇವಸ್ಥಾನದಂಥ ದೂರದ ಜಾಗಗಳಿಗೆ, ರಾತ್ರಿ ತಡವಾಗಿ ಮುಗಿಯುವ ಸಂಘದ ಕಾರ್ಯಕ್ರಮಗಳಿಗೆ. ಅಂಥಲ್ಲಿಗೆ ಹೇಗೂ ಇಬ್ಬರೂ ಒಟ್ಟಿಗೇ ಹೋಗುತ್ತೀರಿ.

ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತರುವ ಕೆಲಸ ನಿಮ್ಮ ಪಾಲಿಗೆ ಬರುವುದು ಖಂಡಿತ. ಅದಕ್ಕೂ ಒಂದು ಕಾರು ಸಾಕು. ಅದು ಮಗನ ಸಂಸಾರದ ಕೆಲಸವಾದ್ದರಿಂದ ಅವರ ಎರಡರಲ್ಲಿ ಒಂದನ್ನು ಆ ಹೊತ್ತಿಗೆ ಬಿಟ್ಟುಕೊಡುವಂತೆ ಕೇಳಿದರೂ ತಪ್ಪಿಲ್ಲವೆಂದು ನಾನು ಭಾವಿಸುತ್ತೇನೆ. ಮಗುವಿನ ಸೀಟನ್ನು ಒಂದು ಕಾರಿನಿಂದ ಇನ್ನೊಂದಕ್ಕೆ ದಿನವೂ ಬದಲಾಯಿಸುವ ತೊಂದರೆಯೂ ತಪ್ಪುತ್ತದೆ.

ಇನ್ನು ಲೈಸೆನ್ಸಿನ ವಿಷಯ. ಕಾಯಂ ವೀಸಾ ಹಿಡಿದು ಬಂದವರು ನ್ಯೂ ಸೌತ್ ವೇಲ್ಸ್‌ನಲ್ಲಿ ತಮ್ಮ ಭಾರತದ ಲೈಸೆನ್ಸಿನ ಮೇಲೆ ಕಾರು ಓಡಿಸಬಹುದಾದದ್ದು ಬಂದ ಮೊದಲ 3 ತಿಂಗಳು ಮಾತ್ರ. ಅಷ್ಟರೊಳಗೆ ಬರಹದ ಪರೀಕ್ಷೆಯನ್ನೂ ರಸ್ತೆಯ ಪರೀಕ್ಷೆಯನ್ನೂ ಮುಗಿಸಿ ಅಲ್ಲಿಯ ಲೈಸೆನ್ಸ್ ಪಡೆಯಬೇಕು. ಬರಹದ ಪರೀಕ್ಷೆಯಲ್ಲಿ 45 ಪ್ರಶ್ನೆಗಳಿರುತ್ತವೆ. ಸುರಕ್ಷತೆಗೆ ಸಂಬಂಧಿಸಿದ 30ರಲ್ಲಿ 29 ಸರಿಯಾಗಬೇಕು, ಸಾಮಾನ್ಯ ತಿಳಿವಳಿಕೆಯ 15ರಲ್ಲಿ 12 ಸರಿಯಾಗಬೇಕು. ಓದಿಕೊಂಡು ಹೋದವರಿಗೆ ಇದು ಕಷ್ಟವಲ್ಲ. ಕಷ್ಟವಾಗುವುದು ರಸ್ತೆಯ ಪರೀಕ್ಷೆ. ಅದರಲ್ಲಿ ಒಮ್ಮೆ ನಪಾಸಾದರೆ ಊರಿನ ಲೈಸೆನ್ಸಿನ ಮೇಲೆ ಓಡಿಸುವ ಅವಕಾಶ ಅಲ್ಲಿಗೇ ನಿಂತುಹೋಗುತ್ತದೆ, ಕಲಿಯುವವರ ಲೈಸೆನ್ಸ್ ಮಾಡಿಸಿಕೊಂಡು ಪಕ್ಕದಲ್ಲಿ ಲೈಸೆನ್ಸಿರುವ ಒಬ್ಬರನ್ನು ಕೂರಿಸಿಕೊಂಡೇ ಓಡಿಸಬೇಕಾಗುತ್ತದೆ.

ಮೂವತ್ತು ವರ್ಷ ಶಿರಾಡಿ ಘಾಟಿಯಲ್ಲಿ ಓಡಿಸಿದವರೂ ಅಲ್ಲಿ ನಪಾಸಾಗುವುದು ಚಿಕ್ಕ ಚಿಕ್ಕ ಅಭ್ಯಾಸಗಳಿಂದ. ಲೇನ್ ಬದಲಿಸುವಾಗ, ರಸ್ತೆಯ ಬದಿಯಿಂದ ಹೊರಡುವಾಗ, ಕನ್ನಡಿಯನ್ನು ನೋಡಿದರೆ ಸಾಲದು. ಇಂಡಿಕೇಟರ್ ಹಾಕಿ, ಒಳಗಿನ ಕನ್ನಡಿ, ಪಕ್ಕದ ಕನ್ನಡಿ ನೋಡಿ, ಆ ಮೇಲೆ ಕತ್ತನ್ನು ಭುಜದ ಮೇಲಿಂದ ಹಿಂದಕ್ಕೆ ತಿರುಗಿಸಿ ಕನ್ನಡಿಗೆ ಕಾಣದ ಜಾಗವನ್ನು ನೋಡಿಯೇ ಸ್ಟಿಯರಿಂಗ್ ತಿರುಗಿಸಬೇಕು. ಪರೀಕ್ಷಕರು ಕಾಯುವುದು ಆ ಕತ್ತು ತಿರುಗಿತೋ ಇಲ್ಲವೋ ಎಂಬುದನ್ನೇ. ‘ಸ್ಟಾಪ್’ ಫಲಕವಿದ್ದಲ್ಲಿ ಯಾರೂ ಬರದಿದ್ದರೂ ಗೆರೆಯ ಹಿಂದೆ ಚಕ್ರ ಪೂರ್ತಿ ನಿಲ್ಲಬೇಕು, ನಿಧಾನಕ್ಕೆ ಉರುಳಿಸಿಕೊಂಡು ಹೋದರೆ ಅದು ನಿಂತಂತೆ ಅಲ್ಲ. ಶಾಲೆಗಳ ಬಳಿ ಬೆಳಿಗ್ಗೆ ಮತ್ತು ಮಧ್ಯಾಹ್ನದ ನಿಗದಿತ ಹೊತ್ತಿನಲ್ಲಿ ವೇಗ 40 ಕಿಲೋಮೀಟರ್ ದಾಟಬಾರದು. ಎಡಬದಿಯ ಸಂಚಾರವೇ ಆದ್ದರಿಂದ ಅಮೆರಿಕಕ್ಕೆ ಹೋದವರ ಗೊಂದಲ ನಿಮಗಿರುವುದಿಲ್ಲ, ಕಲಿಯಬೇಕಾದದ್ದು ಈ ಶಿಸ್ತು ಮಾತ್ರ.

ನಿಮ್ಮ ಪತ್ರದಲ್ಲಿ ಒಂದು ವಾಕ್ಯ ನನ್ನನ್ನು ತಡೆದು ನಿಲ್ಲಿಸಿತು. ‘ನಮ್ಮ ಮನೆಯವರಿಗೆ ಹಾಸನದಲ್ಲಿ ಕಾರು ಚೆನ್ನಾಗಿ ಬರುತ್ತದೆ, ಅಲ್ಲಿ ನಾನಿರುವಾಗ ಅವರಿಗೇಕೆ ಪರೀಕ್ಷೆಯ ತೊಂದರೆ’ ಎಂದು ಬರೆದಿದ್ದೀರಿ. ದಯವಿಟ್ಟು ಈ ವಿಚಾರವನ್ನು ಬಿಟ್ಟುಬಿಡಿ. ನಮ್ಮವರ ಮನೆಗಳಲ್ಲಿ ಇದರ ಫಲವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಊರಿನಲ್ಲಿ ಧೈರ್ಯವಾಗಿ ಓಡಿಸುತ್ತಿದ್ದ ಹೆಂಗಸು ಅಲ್ಲಿಗೆ ಬಂದ ಮೊದಲ ತಿಂಗಳುಗಳಲ್ಲಿ ಪರೀಕ್ಷೆಯನ್ನು ಮುಂದೂಡುತ್ತಾರೆ, ಆಮೇಲೆ ಅಭ್ಯಾಸ ತಪ್ಪುತ್ತದೆ, ಅಂಗಡಿಗೂ ಗೆಳತಿಯ ಮನೆಗೂ ಗಂಡನ ಬಿಡುವನ್ನು ಕಾಯುವಂತಾಗುತ್ತದೆ. ಒಂದು ದಿನ ಗಂಡನಿಗೆ ಕಣ್ಣಿನ ಪೊರೆ ಬರುತ್ತದೆ ಅಥವಾ ಮಂಡಿಯ ಶಸ್ತ್ರಚಿಕಿತ್ಸೆಯಾಗುತ್ತದೆ. ಆಗ ಕಾರು ಗ್ಯಾರೇಜಿನಲ್ಲಿರುತ್ತದೆ, ಮನೆಯಲ್ಲಿ ಓಡಿಸುವವರಿರುವುದಿಲ್ಲ. ಎಪ್ಪತ್ತು ದಾಟಿದ ಮೇಲೆ ಹೊಸದಾಗಿ ಕಲಿಯುವವರ ಫಲಕ ಅಂಟಿಸಿಕೊಂಡು ಹೊರಡಲು ಹೆಚ್ಚಿನವರಿಗೆ ಮನಸ್ಸು ಬರುವುದಿಲ್ಲ. ಇಂಥ ಮನೆಗೆ ಎರಡನೆಯ ಕಾರು ಏನು ಉಪಕಾರ ಮಾಡೀತು? 75 ದಾಟಿದ ಚಾಲಕರು ಪ್ರತಿ ವರ್ಷ ವೈದ್ಯರಿಂದ ತಪಾಸಣೆ ಮಾಡಿಸಿಕೊಳ್ಳಬೇಕು, 85ರ ನಂತರ ಪೂರ್ಣ ಲೈಸೆನ್ಸ್ ಉಳಿಸಿಕೊಳ್ಳಬೇಕಾದರೆ ಎರಡು ವರ್ಷಕ್ಕೊಮ್ಮೆ ರಸ್ತೆಯ ಪರೀಕ್ಷೆ ಕೊಡಬೇಕು ಎಂಬ ನಿಯಮವೂ ಅಲ್ಲಿದೆ. ಆ ವಯಸ್ಸಿನಲ್ಲಿ ಇಬ್ಬರಲ್ಲಿ ಒಬ್ಬರಾದರೂ ಓಡಿಸುವ ಸ್ಥಿತಿಯಲ್ಲಿರಬೇಕೆಂದರೆ ಈಗ ಇಬ್ಬರೂ ಲೈಸೆನ್ಸ್ ಪಡೆದಿರಬೇಕು, ಪಡೆದ ಮೇಲೆ ವಾರದಲ್ಲಿ ಕೆಲವು ದಿನವಾದರೂ ಕೀಲಿ ನಿಮ್ಮ ಮನೆಯವರ ಕೈಯಲ್ಲಿರಬೇಕು. ವಿಮೆಯ ಪಾಲಿಸಿಯಲ್ಲಿಯೂ ಇಬ್ಬರ ಹೆಸರನ್ನೂ ಚಾಲಕರೆಂದು ಬರೆಸಿರಿ. ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಎದೆನೋವಿನಂಥ ತುರ್ತಿಗೆಂದು ಎರಡನೆಯ ಕಾರು ಇಟ್ಟುಕೊಳ್ಳುವುದು ಬೇಡ. ಅಂಥ ಹೊತ್ತಿನಲ್ಲಿ ಮಾಡಬೇಕಾದದ್ದು ಅಲ್ಲಿಯ ತುರ್ತು ಸೇವೆಯ ಸಂಖ್ಯೆ 000ಗೆ ಕರೆ, ಕಾರು ತೆಗೆಯುವುದಲ್ಲ.

ಈಗ ಹಾಸನದ ವಾಹನಗಳು. ನೀವು ಒಂಬತ್ತು ತಿಂಗಳು ಇರುವುದಿಲ್ಲ, ಆ ಒಂಬತ್ತರಲ್ಲಿ ಮಳೆಗಾಲ ಪೂರ್ತಿ ಸೇರಿದೆ. ಮಲೆನಾಡಿನ ಅಂಚಿನಲ್ಲಿ ನಿಂತ ಕಾರಿನ ಗತಿ ನಿಮಗೂ ಗೊತ್ತು. ಸೀಟಿನ ಬಟ್ಟೆಗೂ ಸ್ಟಿಯರಿಂಗಿಗೂ ಬೂದಿಬಣ್ಣದ ಬೂಷ್ಟು ಹಿಡಿಯುತ್ತದೆ, ಬ್ಯಾಟರಿ ಸತ್ತುಹೋಗುತ್ತದೆ, ಒಂದೇ ಕಡೆ ಭಾರ ಬಿದ್ದ ಟೈರು ಚಪ್ಪಟೆಯಾಗುತ್ತದೆ. ಬಾನೆಟ್ಟಿನೊಳಗೆ ಇಲಿ ಸೇರಿಕೊಂಡರೆ ಎಂಜಿನ್ನಿನ ಮೇಲೆ ಒಣ ಎಲೆ, ಚಿಂದಿ ತಂದು ಗೂಡು ಕಟ್ಟಿ, ವೈರಿನ ಹೊದಿಕೆಯನ್ನು ತಾಮ್ರ ಕಾಣುವಂತೆ ಕಡಿದಿರುತ್ತದೆ. ಇಂಥ ಎರಡು ಗಾಡಿಗಳನ್ನು ನೋಡಿಕೊಳ್ಳಲು ಯಾರಿಗೆ ಹೇಳುತ್ತೀರಿ? ಒಂದನ್ನಾದರೆ ವಾರಕ್ಕೊಮ್ಮೆ ಸಕಲೇಶಪುರದ ದಾರಿಯಲ್ಲಿ ಅರ್ಧ ಗಂಟೆ ಓಡಿಸಿ ತರುವಂತೆ ನಂಬಿಕೆಯ ಒಬ್ಬರಿಗೆ ಒಪ್ಪಿಸಬಹುದು. ಹಾಗೆ ಒಪ್ಪಿಸಿದಾಗಲೂ ಹೊಣೆ ಆರ್‌ಸಿಯಲ್ಲಿ ಹೆಸರಿರುವ ನಿಮ್ಮದೇ ಆದ್ದರಿಂದ ಓಡಿಸುವವರ ಲೈಸೆನ್ಸನ್ನು ನೋಡಿಯೇ ಕೊಡಿ, ವಿಮೆಯನ್ನು ಒಂದು ದಿನವೂ ತಪ್ಪಿಸಬೇಡಿ. ಪಾಲಿಸಿ ಮುಗಿದು 90 ದಿನ ಕಳೆದರೆ, ವರ್ಷಗಳಿಂದ ಕೂಡಿಬಂದು ಶೇಕಡಾ 50ರವರೆಗೂ ಏರಿರಬಹುದಾದ ನೋ ಕ್ಲೇಮ್ ಬೋನಸ್ ಹೋಗಿಬಿಡುತ್ತದೆ.

ಎರಡರಲ್ಲಿ ಯಾವುದನ್ನು ಮಾರಬೇಕು ಎಂಬಲ್ಲಿ ನನ್ನ ಮಾತು ನಿಮಗೆ ರುಚಿಸಲಿಕ್ಕಿಲ್ಲ. ಬೊಲೆರೊವನ್ನು ಮಾರಿರಿ. ತೋಟದ ದಾರಿಗೆ ಅದೇ ಸರಿ ಎಂಬುದು ನಿಜ, ಆದರೆ ನಿಮ್ಮ ಮನೆಯವರು ಅದನ್ನು ಓಡಿಸುವುದಿಲ್ಲ ಎಂದು ನೀವೇ ಬರೆದಿದ್ದೀರಿ. ಕೊಯ್ಲಿನ ದಿನಗಳಲ್ಲಿ ಮೂಟೆ ಸಾಗಿಸುವುದು ಹೇಗೂ ಬಾಡಿಗೆ ಪಿಕಪ್ಪಿನ ಕೆಲಸ. ಚಿಕ್ಕ ಕಾರನ್ನು ಡಾಂಬರು ಮುಗಿಯುವಲ್ಲಿ ನಿಲ್ಲಿಸಿ ಅಲ್ಲಿಂದ ಮುಂದಕ್ಕೆ ಊರಿನವರ ಜೀಪಿನಲ್ಲಿ ಹೋಗಬಹುದು. ನಾವು ಚಿಕ್ಕಮಗಳೂರಿನಲ್ಲಿ ಹಾಗೆಯೇ ಮಾಡುತ್ತಿದ್ದೇವೆ, ಯಾವ ಕೆಲಸವೂ ನಿಂತಿಲ್ಲ. ದೂರದ ಓಡಾಟಕ್ಕೆ ಹಾಸನದಲ್ಲಿ ನಮ್ಮೂರಿಗಿಂತ ಹೆಚ್ಚಿನ ಅನುಕೂಲವಿದೆ. ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ನೇರ ರೈಲು ಮಾರ್ಗ 2017ರಿಂದ ಇದೆ, ಸರ್ಕಾರಿ ಬಸ್ಸಿನಲ್ಲಿ ಹಿರಿಯ ನಾಗರಿಕರಿಗೆ ಶೇಕಡಾ 25ರ ರಿಯಾಯಿತಿ ಇದೆ, ಹೆಂಗಸರಿಗೆ 2023ರ ಜೂನ್‌ನಿಂದ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತ.

ಹೊರಡುವ ಮೊದಲು ಮಾಡಬೇಕಾದ ಕೆಲಸವೊಂದಿದೆ. ನಿಮ್ಮಿಬ್ಬರ ಲೈಸೆನ್ಸಿನ ಅವಧಿಯನ್ನು ಇಂದೇ ನೋಡಿರಿ. 55 ದಾಟಿದ ಮೇಲೆ ನಮ್ಮಲ್ಲಿ ಅದು ಐದೈದು ವರ್ಷಕ್ಕೆ ಮಾತ್ರ ನವೀಕರಣವಾಗುತ್ತದೆ, ಅವಧಿ ಮುಗಿಯುವ ಒಂದು ವರ್ಷ ಮುಂಚಿನಿಂದಲೇ ಅರ್ಜಿ ಹಾಕಬಹುದು, ವೈದ್ಯರ ಪ್ರಮಾಣಪತ್ರ ಬೇಕಾಗುತ್ತದೆ. ಹಾಸನದ ಆರ್‌ಟಿಒ ಕಚೇರಿಯಲ್ಲಿ ಇಬ್ಬರದ್ದನ್ನೂ ಸರಿಮಾಡಿಸಿಕೊಂಡೇ ವಿಮಾನ ಹತ್ತಿರಿ. ನಿಮ್ಮ ಮನೆಯವರು ಈ ವಾರದಿಂದಲೇ ಚಿಕ್ಕ ಕಾರನ್ನು ದಿನವೂ ತೆಗೆಯಲಿ, ಪ್ರತಿ ತಿರುವಿನಲ್ಲೂ ಕತ್ತು ತಿರುಗಿಸಿ ನೋಡುವುದನ್ನು ರೂಢಿಸಿಕೊಳ್ಳಲಿ. ಜನವರಿ ಮುಗಿಯುವವರೆಗೆ ನಾವು ಚಿಕ್ಕಮಗಳೂರಿನಲ್ಲೇ ಇರುತ್ತೇವೆ. ಅಲ್ಲಿ ಬಂದ ಹೊಸದರಲ್ಲೇ ಪರೀಕ್ಷೆ ಪಾಸು ಮಾಡಿದ ನನ್ನ ಹೆಂಡತಿ, ಬೇಲೂರಿನ ಮೇಲೆ ಹಾಸನಕ್ಕೆ ಬಂದು ಒಂದು ದಿನ ಅವರ ಪಕ್ಕದಲ್ಲಿ ಕುಳಿತು ಪರೀಕ್ಷಕರು ನೋಡುವುದನ್ನೆಲ್ಲ ತೋರಿಸಿಕೊಡಲು ಸಿದ್ಧರಿದ್ದಾರೆ. ಯಾವ ದಿನ ಅನುಕೂಲವೆಂದು ತಿಳಿಸಿರಿ.